ರೋಗಕ್ಕೆ ಕಾರಣ ಯಾವುದು: ದೇಹಧರ್ಮ, ದೈವ, ಕರ್ಮ

ರೋಗ ಬಂದಾಗ ಮನುಷ್ಯ ಕೇಳುವ ಪ್ರಶ್ನೆ ಒಂದೇ ಎಂದು ತೋರಿದರೂ ಅದರೊಳಗೆ ಎರಡು ಪ್ರಶ್ನೆಗಳಿರುತ್ತವೆ. ಈ ಜ್ವರ ಯಾವುದರಿಂದ ಬಂತು ಎಂಬುದು ಮೊದಲನೆಯದು. ಇಷ್ಟು ಜನರ ನಡುವೆ ನನಗೇ ಏಕೆ ಬಂತು ಎಂಬುದು ಎರಡನೆಯದು. ಮೊದಲನೆಯದಕ್ಕೆ ನೀರು, ಸೊಳ್ಳೆ, ಆಹಾರ, ವಂಶ, ವಯಸ್ಸು ಎಂದು ಉತ್ತರ ಹುಡುಕಬಹುದು. ಎರಡನೆಯದಕ್ಕೆ ಹಣೆಬರಹ, ಗ್ರಹಚಾರ, ಪೂರ್ವಜನ್ಮದ ಕರ್ಮ, ದೇವರ ಪರೀಕ್ಷೆ ಎಂಬ ಮಾತುಗಳು ತಾವಾಗಿ ಬಾಯಿಗೆ ಬರುತ್ತವೆ. ಒಂದಕ್ಕೆ ಸಲ್ಲಬೇಕಾದ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟರೆ ರೋಗಿಗೆ ಔಷಧಿ ತಪ್ಪುತ್ತದೆ, ಇಲ್ಲವೇ ಸಮಾಧಾನ ತಪ್ಪುತ್ತದೆ. ಭಾರತದ ವೈದ್ಯಗ್ರಂಥಗಳೂ ದರ್ಶನಗಳೂ ಈ ಎರಡು ಪ್ರಶ್ನೆಗಳ ಸಂಬಂಧವನ್ನು ಬಹು ಹಿಂದಿನಿಂದ ಚರ್ಚಿಸುತ್ತ ಬಂದಿವೆ. ಆ ಚರ್ಚೆ ಸಾಮಾನ್ಯವಾಗಿ ಭಾವಿಸುವುದಕ್ಕಿಂತ ಸೂಕ್ಷ್ಮವಾದುದು, ರೋಗಿಯ ವಿಷಯದಲ್ಲಿ ಹೆಚ್ಚು ದಯೆಯುಳ್ಳದ್ದು.

ಅಮ್ಮ ಮತ್ತು ಮಾರಿ

ಕನ್ನಡ ನಾಡಿನಲ್ಲಿ ಸಿಡುಬನ್ನು ರೋಗದ ಹೆಸರಿನಿಂದ ಕರೆಯುತ್ತಿದ್ದುದು ಕಡಿಮೆ. ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಇಂದಿಗೂ ಸೀತಾಳೆ ಸಿಡುಬು ಎದ್ದ ಮಗುವಿಗೆ ಅಮ್ಮ ಆಗಿದೆ ಎಂದೇ ಹೇಳುವ ರೂಢಿಯಿದೆ. ಮೈಮೇಲೆ ಎದ್ದ ಗುಳ್ಳೆಗಳು ದೇವಿಯ ಇರುವಿಕೆಯ ಗುರುತು. ರೋಗಿಯ ಹಾಸಿಗೆಯ ಸುತ್ತ ಬೇವಿನ ಸೊಪ್ಪು, ಊಟಕ್ಕೆ ತಂಪಿನ ಪದಾರ್ಥ, ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ, ಹೊರಗಿನವರಿಗೆ ಪ್ರವೇಶವಿಲ್ಲ. ಗುಣವಾದ ಮೇಲೆ ಬೇವಿನ ನೀರಿನ ಸ್ನಾನ, ಆಮೇಲೆ ಅಮ್ಮನಿಗೆ ಹರಕೆ.

ಈ ನಂಬಿಕೆಯಲ್ಲಿ ಗಮನಿಸಬೇಕಾದ ಒಂದು ಗುಣವಿದೆ. ಅಮ್ಮ ಬಂದ ಮೈಗೆ ಪೂಜ್ಯತೆಯಿತ್ತು. ಮುನಿದದ್ದು ದೇವಿ ಎಂದಾದರೂ ಹಾಸಿಗೆ ಹಿಡಿದವನನ್ನು ಪಾಪಿಯೆಂದು ದೂರುವ ಬದಲು ಅವನ ಬಳಿ ಮೆಲ್ಲಗೆ ನಡೆ, ಮೆಲ್ಲಗೆ ಮಾತಾಡು ಎಂದು ಆಚಾರ ಹೇಳುತ್ತಿತ್ತು. ಹೊರಗಿನವರನ್ನು ತಡೆಯುವ ಕಟ್ಟಳೆಯಿಂದ ಸೋಂಕು ಹರಡುವುದೂ ಸ್ವಲ್ಪ ಮಟ್ಟಿಗೆ ತಗ್ಗಿರಬೇಕು. ಕೊರತೆಯೂ ಇತ್ತು. ಬಂದಿರುವವಳು ದೇವಿಯೆಂದ ಮೇಲೆ ಅವಳನ್ನು ತಡೆಯುವ ಯತ್ನವೇ ಅಪರಾಧವಾಗಿ ಕಂಡಿತು. ಎಡ್ವರ್ಡ್ ಜೆನ್ನರ್ 1796ರಲ್ಲಿ ಕಂಡುಹಿಡಿದ ಲಸಿಕೆ 1802ರಲ್ಲಿ ಭಾರತಕ್ಕೆ ಬಂದಾಗ ಅನೇಕರು ಹಿಂಜರಿದದ್ದಕ್ಕೆ ಇದೂ ಒಂದು ಕಾರಣ. ಮೈಸೂರಿನ ರಾಜಮನೆತನ ಬೇಗನೆ ಲಸಿಕೆಯ ಪರವಾಗಿ ನಿಂತಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ, ಮೂವರು ರಾಜಸ್ತ್ರೀಯರ ಚಿತ್ರವೊಂದು ಆ ಲಸಿಕೆಯ ಪ್ರಚಾರಕ್ಕಾಗಿಯೇ ಆದದ್ದು ಎಂದು ಇತಿಹಾಸಕಾರರು ವಾದಿಸಿದ್ದಾರೆ.

1975ರ ನಂತರ ಭಾರತದಲ್ಲಿ ಸಿಡುಬು ಕಂಡಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಭೂಮಿಯಿಂದಲೇ ಅಳಿದಿದೆ ಎಂದು ಘೋಷಿಸಿತು. ಆದರೆ ಮಾರಮ್ಮನ ಗುಡಿಗಳು ಬರಿದಾಗಲಿಲ್ಲ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಲಕ್ಷಾಂತರ ಜನರನ್ನು ಸೇರಿಸುತ್ತಲೇ ಇದೆ. ದೇವಿ ಸಿಡುಬಿನ ಕಾರಣದ ವಿವರಣೆ ಮಾತ್ರವಾಗಿದ್ದರೆ ಸಿಡುಬಿನೊಂದಿಗೇ ಅವಳ ಪೂಜೆಯೂ ಮುಗಿಯಬೇಕಿತ್ತು. ಜನರು ಅವಳ ಬಳಿ ತಂದದ್ದು ಮುಖ್ಯವಾಗಿ ಎರಡನೆಯ ಪ್ರಶ್ನೆಯನ್ನು, ಅದರ ಜೊತೆಗಿನ ಭಯವನ್ನು. ವೈರಾಣು ಸತ್ತರೂ ಆ ಭಯ ಸಾಯುವುದಿಲ್ಲ.

ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳು ಕಾಯಿಲೆಗಳ ಕಾಲ. ಆಗ ಆಟಿ ಕಳಂಜ ಮನೆಮನೆಗೆ ಬಂದು ಊರಿನ ಮಾರಿಯನ್ನು ಕಳೆಯುತ್ತಾನೆ ಎಂಬ ನಂಬಿಕೆಯಿದೆ. ಅದೇ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿಯೂ ಇದೆ. ಕುಣಿತ ಮತ್ತು ಕಷಾಯ ಎರಡನ್ನೂ ಒಂದೇ ಸಮಾಜ ಇಟ್ಟುಕೊಂಡಿದೆ, ಒಂದು ಇನ್ನೊಂದನ್ನು ಹೊರಗಟ್ಟಲಿಲ್ಲ.

ಋಷಿಗಳ ಸಭೆ

ರೋಗದ ಕಾರಣವನ್ನು ಕುರಿತ ತಾತ್ವಿಕ ಚರ್ಚೆಯ ಬಹು ಸ್ವಾರಸ್ಯವಾದ ಚಿತ್ರ ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿದೆ. ಮನುಷ್ಯ ಯಾವುದರಿಂದ ಹುಟ್ಟಿದನೋ ರೋಗಗಳೂ ಅದರಿಂದಲೇ ಹುಟ್ಟಿದವೇ ಎಂದು ಕಾಶಿಯ ರಾಜ ವಾಮಕ ಋಷಿಗಳ ಸಭೆಯಲ್ಲಿ ಕೇಳುತ್ತಾನೆ. ಒಬ್ಬೊಬ್ಬರದು ಒಂದೊಂದು ಉತ್ತರ. ಪಾರೀಕ್ಷಿ ಆತ್ಮವೇ ಮೂಲವೆನ್ನುತ್ತಾನೆ, ಶರಲೋಮ ಮನಸ್ಸು ಎನ್ನುತ್ತಾನೆ, ವಾರ್ಯೋವಿದ ರಸವೆನ್ನುತ್ತಾನೆ. ಷಡ್ಧಾತುಗಳೆಂದು ಹಿರಣ್ಯಾಕ್ಷ, ಕರ್ಮವೆಂದು ಭದ್ರಕಾಪ್ಯ, ಸ್ವಭಾವವೆಂದು ಭರದ್ವಾಜ, ಪ್ರಜಾಪತಿಯೆಂದು ಕಾಂಕಾಯನ, ಕಾಲವೆಂದು ಭಿಕ್ಷು ಆತ್ರೇಯ ವಾದಿಸುತ್ತಾರೆ. ತಾಯಿತಂದೆಯರೇ ಕಾರಣವೆಂಬ ಪಕ್ಷವೂ ಅಲ್ಲಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಆಹಾರ, ಮನಸ್ಸು, ಅನುವಂಶೀಯತೆ, ವಯಸ್ಸು, ವಿಧಿ, ದೇವರು ಎಲ್ಲಕ್ಕೂ ಆ ಸಭೆಯಲ್ಲಿ ಒಬ್ಬೊಬ್ಬ ವಕೀಲರಿದ್ದಾರೆ.

ಸಭೆಯ ಗುರು ಪುನರ್ವಸು ಆತ್ರೇಯ ಯಾರನ್ನೂ ಗೆಲ್ಲಿಸುವುದಿಲ್ಲ. ಒಂದೇ ಪಕ್ಷವನ್ನು ಹಿಡಿದು ವಾದಿಸುವವರು ಗಾಣ ಸುತ್ತುವವರಂತೆ, ಎಷ್ಟು ನಡೆದರೂ ದಾರಿಯ ಕೊನೆ ಮುಟ್ಟುವುದಿಲ್ಲ ಎಂಬುದು ಅವನ ಅಭಿಪ್ರಾಯ. ಯಾವ ಭಾವಗಳು ಹೊಂದಿಕೊಂಡಾಗ ಮನುಷ್ಯನನ್ನು ಉಂಟುಮಾಡುತ್ತವೆಯೋ ಅವೇ ಹೊಂದಿಕೆ ತಪ್ಪಿದಾಗ ರೋಗಗಳನ್ನು ಉಂಟುಮಾಡುತ್ತವೆ ಎಂದು ಅವನು ನಿರ್ಣಯಿಸುತ್ತಾನೆ. ಈ ನಿರ್ಣಯದ ಪ್ರಕಾರ ರೋಗ ಹೊರಗಿನಿಂದ ಬಂದ ಶಿಕ್ಷೆಯಾಗಬೇಕಿಲ್ಲ. ಬದುಕನ್ನು ನಡೆಸುವ ಅನ್ನ, ನೀರು, ಗಾಳಿಗಳೇ ಬದುಕನ್ನು ಕೆಡಿಸಬಲ್ಲವು. ಹಿತವಾದ ಆಹಾರ ಮನುಷ್ಯನನ್ನು ಬೆಳೆಸುತ್ತದೆ, ಅಹಿತವಾದ ಆಹಾರ ರೋಗವನ್ನು ಬೆಳೆಸುತ್ತದೆ ಎಂದು ಅಧ್ಯಾಯ ಮುಂದುವರಿಯುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಕನ್ನಡದ ಗಾದೆ ಇದೇ ಹಾದಿಯ ಮಾತು.

ಚರಕ ರೋಗದ ಕಾರಣಗಳನ್ನು ಮೂರಾಗಿ ವಿಂಗಡಿಸುತ್ತಾನೆ. ಇಂದ್ರಿಯಗಳಿಗೂ ಅವುಗಳ ವಿಷಯಗಳಿಗೂ ಹಿತವಲ್ಲದ ಸಂಪರ್ಕ ಒಂದು. ಕಾಲದ ಪರಿಣಾಮ, ಅಂದರೆ ಋತುಗಳ ಏರುಪೇರು ಮತ್ತು ಮುಪ್ಪು, ಇನ್ನೊಂದು. ಮೂರನೆಯದು ಪ್ರಜ್ಞಾಪರಾಧ. ತಿಳಿದೂ ತಪ್ಪುವುದು, ತಿಳಿವು ಮಸುಕಾಗುವುದು, ನೆನಪಿಡಬೇಕಾದ್ದನ್ನು ಮರೆಯುವುದು, ಸಂಯಮ ಸಡಿಲುವುದು, ಇವೆಲ್ಲ ಆ ಒಂದು ಪದದಲ್ಲಿ ಅಡಕವಾಗಿವೆ. ಅಜೀರ್ಣವಿದ್ದೂ ಮತ್ತೆ ಉಣ್ಣುವುದು ಪ್ರಜ್ಞಾಪರಾಧ, ಮಲಮೂತ್ರಗಳ ವೇಗವನ್ನು ತಡೆಯುವುದು ಪ್ರಜ್ಞಾಪರಾಧ. ಇಲ್ಲಿ ನೀತಿ ಮತ್ತು ಆರೋಗ್ಯ ಒಂದನ್ನೊಂದು ಮುಟ್ಟುತ್ತವೆ. ಆದರೂ ಅಪರಾಧ ಎಂಬ ಪದಕ್ಕೆ ಇಲ್ಲಿ ದಂಡನೆಯ ಅರ್ಥವಿಲ್ಲ. ವಿವೇಕದ ತಪ್ಪಾದ್ದರಿಂದ ವಿವೇಕದಿಂದ ಅದನ್ನು ತಿದ್ದಬಹುದು ಎಂಬುದೇ ಅದರ ಇಂಗಿತ.

ಊರಿಗೆ ಊರೇ ಬೀಳುವಾಗ

ಒಬ್ಬನ ರೋಗಕ್ಕೆ ಅವನ ನಡೆ ಕಾರಣವೆಂದರೆ ಒಪ್ಪಬಹುದು, ಬೇರೆ ಬೇರೆ ಪ್ರಕೃತಿ, ಆಹಾರ, ವಯಸ್ಸಿನ ಜನ ಒಂದೇ ಕಾಲಕ್ಕೆ ಒಂದೇ ರೋಗದಿಂದ ಸಾಯುವುದು ಹೇಗೆ? ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಗಂಗೆಯ ತೀರದ ಕಾಂಪಿಲ್ಯದಲ್ಲಿ, ಶಿಷ್ಯ ಅಗ್ನಿವೇಶ ಆತ್ರೇಯನ ಮುಂದೆ ಈ ಪ್ರಶ್ನೆ ಎತ್ತುತ್ತಾನೆ. ಎಲ್ಲರಿಗೂ ಸಮಾನವಾದವು ನಾಲ್ಕು, ವಾಯು, ಜಲ, ದೇಶ, ಕಾಲ. ಇವು ಕೆಟ್ಟರೆ ಜನಪದವೇ ಕೆಡುತ್ತದೆ ಎಂಬುದು ಉತ್ತರ. ಅವು ಕೆಡುವುದಕ್ಕೆ ಅಧರ್ಮವೇ ಮೂಲವೆಂದೂ ಅಧರ್ಮಕ್ಕೆ ಪ್ರಜ್ಞಾಪರಾಧವೇ ಮೂಲವೆಂದೂ ಆತ್ರೇಯ ಹೇಳುತ್ತಾನೆ. ಆ ಅಧರ್ಮವನ್ನು ಅವನು ಮೊದಲು ಹೊರಿಸುವುದು ನಾಡಿನ ಒಡೆಯರ ಮೇಲೆ, ಅಧಿಕಾರದಲ್ಲಿದ್ದವರ ಮೇಲೆ. ಸಾಂಕ್ರಾಮಿಕದ ಹೊಣೆ ಹಾಸಿಗೆ ಹಿಡಿದವನ ಪೂರ್ವಜನ್ಮಕ್ಕೆ ಹೋಗದೆ ಆಳುವವರ ನಡೆಗೆ ಹೋಗುತ್ತದೆ. ಇಂದು ಕುಡಿಯುವ ನೀರಿನ ಕೊಳವೆಗೆ ಚರಂಡಿ ಸೇರಿ ಊರಿಗೆ ವಾಂತಿಭೇದಿ ಬಂದಾಗಲೂ ಹೊಣೆಯ ಪ್ರಶ್ನೆ ಅಲ್ಲಿಗೇ ಹೋಗಬೇಕು.

ಅದೇ ಅಧ್ಯಾಯದಲ್ಲಿ ಆಯುಸ್ಸು ನಿಯತವೇ ಎಂಬ ಚರ್ಚೆಯಿದೆ. ಹಿಂದಿನ ದೇಹದಲ್ಲಿ ಮಾಡಿದ ಕರ್ಮ ದೈವ, ಈ ದೇಹದಲ್ಲಿ ಮಾಡುವುದು ಪುರುಷಕಾರ. ದುರ್ಬಲವಾದ ದೈವವನ್ನು ಬಲವಾದ ಪುರುಷಕಾರ ಮೀರುತ್ತದೆ, ಬಲವಾದ ದೈವ ಪುರುಷಕಾರವನ್ನು ಮೀರುತ್ತದೆ. ಎಲ್ಲರ ಆಯುಸ್ಸೂ ಮೊದಲೇ ಅಳೆದಿಟ್ಟದ್ದಾಗಿದ್ದರೆ ಮಂತ್ರ, ಹರಕೆ, ಔಷಧಿ ಯಾವುದಕ್ಕೂ ಅರ್ಥವಿರುತ್ತಿರಲಿಲ್ಲ, ಮದವೇರಿದ ಆನೆಯ ದಾರಿಯಿಂದ ಸರಿಯುವ ಅಗತ್ಯವೂ ಇರುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಗ್ರಂಥ ತರ್ಕಿಸುತ್ತದೆ. ಕರ್ಮವನ್ನು ಪೂರ್ತಿ ಅಲ್ಲಗಳೆಯದೆ ವೈದ್ಯನಿಗೆ ಕೆಲಸಮಾಡುವ ಜಾಗವನ್ನು ಹೀಗೆ ಉಳಿಸಿಕೊಂಡದ್ದು ಆಯುರ್ವೇದದ ದೊಡ್ಡ ತಾತ್ವಿಕ ಸಾಧನೆ.

ಕಾರಣಗಳಲ್ಲಿ ಕರ್ಮವೂ ಒಂದು

ಬುದ್ಧನ ನಿಲುವು ಇನ್ನೂ ಖಚಿತ. ಸಂಯುತ್ತನಿಕಾಯದ ಸೀವಕ ಸುತ್ತದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಅವನನ್ನು ಪ್ರಶ್ನಿಸುತ್ತಾನೆ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲವೆಂದು ಕೆಲವರು ಹೇಳುತ್ತಾರಲ್ಲ, ಅದು ಸರಿಯೇ? ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಇವುಗಳ ಸನ್ನಿಪಾತ, ಋತುವಿನ ಬದಲಾವಣೆ, ಅಜಾಗರೂಕ ನಡೆ, ಹೊರಗಿನ ಪೆಟ್ಟು, ಕೊನೆಗೆ ಕರ್ಮವಿಪಾಕ. ಎಲ್ಲವೂ ಪೂರ್ವಕರ್ಮದ ಫಲವೆನ್ನುವವರು ಸ್ವಂತ ಅನುಭವವನ್ನೂ ಲೋಕ ಒಪ್ಪಿದ ಸತ್ಯವನ್ನೂ ಮೀರಿ ಮಾತಾಡುತ್ತಾರೆ ಎಂದು ಅವನು ತಿದ್ದುತ್ತಾನೆ. ಕರ್ಮಸಿದ್ಧಾಂತವನ್ನು ಬೋಧಿಸಿದವನೇ ಕರ್ಮಕ್ಕೆ ಎಂಟರಲ್ಲಿ ಒಂದು ಪಾಲನ್ನು ಮಾತ್ರ ಕೊಡುತ್ತಾನೆ.

ಜೈನದರ್ಶನದಲ್ಲಿ ಕರ್ಮದ ಲೆಕ್ಕ ಹೆಚ್ಚು ಬಿಗಿ. ಸುಖದುಃಖಗಳ ಅನುಭವಕ್ಕೆ ವೇದನೀಯವೆಂಬ ಕರ್ಮವೇ ಇದೆ, ಅದರಲ್ಲಿ ನೋವು ತರುವುದು ಅಸಾತಾವೇದನೀಯ. ಇನ್ನೊಬ್ಬರನ್ನು ನೋಯಿಸುವುದರಿಂದ ಅದು ಜೀವವನ್ನು ಕಟ್ಟುತ್ತದೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹೀಗೆ ನಂಬಿದವರು ರೋಗಿಯನ್ನು ಅವನ ಕರ್ಮಕ್ಕೆ ಬಿಟ್ಟು ನಡೆದರೇ? ಕರ್ನಾಟಕದ ಚರಿತ್ರೆ ಬೇರೆಯದನ್ನೇ ತೋರಿಸುತ್ತದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನ ಶ್ರಾವಕಧರ್ಮ ವಿಧಿಸಿತು, ನಾಡಿನ ಶಾಸನಗಳು ಆ ದಾನಗಳಿಂದ ಹೆಸರಾದವರನ್ನು ಹೊಗಳುತ್ತವೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯ ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. 14ನೆಯ ಶತಮಾನದಲ್ಲಿ ಮಂಗರಾಜ ವಿಷಚಿಕಿತ್ಸೆಗೇ ಮೀಸಲಾದ ಖಗೇಂದ್ರಮಣಿದರ್ಪಣವನ್ನು ರಚಿಸಿದ. ಕರ್ಮವನ್ನು ಅತ್ಯಂತ ಕಟ್ಟುನಿಟ್ಟಾಗಿ ನಂಬಿದವರೇ ಕನ್ನಡದಲ್ಲಿ ವೈದ್ಯವನ್ನು ಕಟ್ಟಿದವರಲ್ಲಿ ಮೊದಲಿಗರು. ಅವರ ಪಾಲಿಗೆ ರೋಗಿಯ ನೋವು ಅವನ ಕರ್ಮವಿರಬಹುದು, ಆ ನೋವನ್ನು ಕಂಡೂ ಸುಮ್ಮನಿರುವುದು ಕಂಡವನ ಕರ್ಮವಾಗುತ್ತದೆ.

ದೇವರಿಗೆ ದೋಷವಿಲ್ಲವೆಂದರೆ ದೋಷ ಯಾರದು

ವೇದಾಂತದಲ್ಲಿ ಈ ಪ್ರಶ್ನೆ ಬೇರೆ ಬಾಗಿಲಿನಿಂದ ಬರುತ್ತದೆ. ಒಬ್ಬ ಕುರುಡನಾಗಿ, ಇನ್ನೊಬ್ಬ ಗಟ್ಟಿಮುಟ್ಟಾಗಿ ಹುಟ್ಟುವ ಲೋಕವನ್ನು ಮಾಡಿದ ದೇವರು ಪಕ್ಷಪಾತಿಯೂ ನಿರ್ದಯನೂ ಆಗಬೇಕಲ್ಲವೇ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಈ ಆಕ್ಷೇಪವನ್ನು ಎತ್ತುತ್ತದೆ. ಶಂಕರರು ಮಳೆಯ ಹೋಲಿಕೆಯಿಂದ ಉತ್ತರಿಸುತ್ತಾರೆ. ಮಳೆ ಎಲ್ಲ ಬೀಜಕ್ಕೂ ಒಂದೇ, ಬತ್ತ ಬತ್ತವಾಗಿಯೂ ಜವೆ ಜವೆಯಾಗಿಯೂ ಬೆಳೆಯುವುದು ಬೀಜದ ಗುಣದಿಂದ. ಹಾಗೆಯೇ ಈಶ್ವರ ಸಾಧಾರಣ ಕಾರಣ, ವೈಷಮ್ಯಕ್ಕೆ ಜೀವರ ಕರ್ಮ ಕಾರಣ. ಕರ್ಮ ಅನಾದಿಯಾದ್ದರಿಂದ ಮೊದಲ ತಪ್ಪು ಯಾವುದೆಂದು ಕೇಳುವಂತಿಲ್ಲ. ಮಧ್ವಮತದಲ್ಲಿ ಕರ್ಮದ ಹಿಂದೆ ಜೀವರ ಅನಾದಿ ಯೋಗ್ಯತೆ ಎಂಬ ಇನ್ನೊಂದು ನೆಲೆಯಿದೆ.

ಈ ಉತ್ತರ ದೇವರ ನ್ಯಾಯವನ್ನು ಕಾಯುತ್ತದೆ, ಆದರೆ ಅಜಾಗರೂಕರ ಕೈಯಲ್ಲಿ ಭಾರವನ್ನೆಲ್ಲ ನರಳುವವನ ಮೇಲೆ ಹಾಕುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಹಾಸಿಗೆಯ ಪಕ್ಕ ನಿಂತು ಹೇಳಿದರೆ ಅದು ಕ್ರೌರ್ಯ. ಇದಕ್ಕೆ ತಡೆಯನ್ನೂ ಸಂಪ್ರದಾಯವೇ ಇಟ್ಟಿದೆ. ಕರ್ಮದ ಗತಿ ಗಹನವೆಂದು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯ ಒಪ್ಪಿಕೊಳ್ಳುತ್ತದೆ. ಯೋಚಿಸಿ ಬಗೆಹರಿಸಲಾಗದ ನಾಲ್ಕು ವಿಷಯಗಳಲ್ಲಿ ಕರ್ಮವಿಪಾಕವೂ ಒಂದೆಂದು ಅಂಗುತ್ತರನಿಕಾಯ ಹೇಳುತ್ತದೆ. ನ್ಯಾಯವೈಶೇಷಿಕರು ಪೂರ್ವಕರ್ಮದ ಶೇಷವನ್ನು ಅದೃಷ್ಟ, ಅಂದರೆ ಕಾಣದ್ದು, ಎಂದೇ ಕರೆದರು. ಕಾಣದ್ದನ್ನು ಕಂಡವರಂತೆ ಇನ್ನೊಬ್ಬರ ರೋಗದಲ್ಲಿ ಇಂಥ ಪಾಪವೆಂದು ಓದಿ ಹೇಳುವ ಅಧಿಕಾರವನ್ನು ಈ ದರ್ಶನಗಳು ಸಾಮಾನ್ಯ ಮನುಷ್ಯನಿಗೆ ಕೊಟ್ಟಿಲ್ಲ. ತನ್ನ ಮುಂದಿನ ನಡೆಯನ್ನು ತಿದ್ದಿಕೊಳ್ಳಲು ಕರ್ಮದ ವಿಚಾರ ಸಲ್ಲುತ್ತದೆ, ಪಕ್ಕದವನ ಹಿಂದಿನ ನಡೆಯನ್ನು ಅಳೆಯಲು ಸಲ್ಲುವುದಿಲ್ಲ.

ಇತರ ಧರ್ಮಗಳೂ ಇದೇ ಕವಲಿಗೆ ಬಂದು ನಿಂತಿವೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದಾಗ ಯೇಸು ಎರಡನ್ನೂ ನಿರಾಕರಿಸುತ್ತಾನೆ. ಸಿರಿಯಾದಲ್ಲಿ ಪಿಡುಗು ಹಬ್ಬಿದೆಯೆಂದು ತಿಳಿದು ಖಲೀಫ ಉಮರ್ ದಾರಿಯಿಂದಲೇ ಹಿಂದಿರುಗಿದಾಗ, ದೇವರ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ ಕೇಳಿದರು. ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಎಂಬ ಅರ್ಥದ ಉತ್ತರ ಉಮರ್ ಕೊಟ್ಟದ್ದು. ವಿಧಿಯಲ್ಲಿ ನಂಬಿಕೆಯೂ ರೋಗತಡೆಯೂ ಒಟ್ಟಿಗೆ ಇರಬಲ್ಲವು.

ಕುಷ್ಠದ ಪಾಠ

ಎರಡು ಪ್ರಶ್ನೆಗಳನ್ನು ಬೆರೆಸಿದ್ದರಿಂದ ಆದ ಅನ್ಯಾಯ ಕುಷ್ಠರೋಗಿಗಳ ವಿಷಯದಲ್ಲಿ ಎದ್ದು ಕಾಣುತ್ತದೆ. ಸುಶ್ರುತಸಂಹಿತೆಯ ನಿದಾನಸ್ಥಾನದ ಐದನೆಯ ಅಧ್ಯಾಯದಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲಿವೆ. ಕುಷ್ಠ ಪಾಪಕರ್ಮದಿಂದ ಬರುವ ರೋಗ ಎಂಬುದು ಒಂದು. ಕುಷ್ಠ, ಜ್ವರ, ಕ್ಷಯ, ಕಣ್ಣುಬೇನೆಗಳು ಒಟ್ಟಿಗೆ ಉಣ್ಣುವುದು, ಮಲಗುವುದು, ಒಬ್ಬರ ಬಟ್ಟೆ ಇನ್ನೊಬ್ಬರು ಉಡುವುದು ಮುಂತಾದ ಸಂಪರ್ಕದಿಂದ ಒಬ್ಬರಿಂದೊಬ್ಬರಿಗೆ ದಾಟುತ್ತವೆ ಎಂಬುದು ಇನ್ನೊಂದು. ಎರಡನೆಯದು ನೋಡಿ ಕಂಡುಕೊಂಡ ಮಾತು. ಸಮಾಜ ಹಿಡಿದುಕೊಂಡದ್ದು ಮೊದಲನೆಯದನ್ನು. ಪಾಪರೋಗ ಎಂಬ ಹೆಸರು ಅಂಟಿ ರೋಗಿಗಳು ಊರ ಹೊರಗಾದರು.

1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯವನ್ನು ಗುರುತಿಸಿದ. 1981ರಿಂದ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆ 6ರಿಂದ 12 ತಿಂಗಳಲ್ಲಿ ರೋಗವನ್ನು ಗುಣಪಡಿಸುತ್ತದೆ. ಬಹುಪಾಲು ಜನರ ದೇಹ ಈ ಬ್ಯಾಕ್ಟೀರಿಯವನ್ನು ಸಹಜವಾಗಿಯೇ ತಡೆಯುತ್ತದೆ ಎಂಬುದೂ ಈಗ ತಿಳಿದಿದೆ. ಹೀಗಿದ್ದೂ ಕುಷ್ಠವನ್ನು ವಿಚ್ಛೇದನಕ್ಕೆ ಆಧಾರವೆಂದು ಹೇಳುತ್ತಿದ್ದ ಕಾನೂನುಗಳು ಭಾರತದಲ್ಲಿ ತಿದ್ದುಪಡಿಯಾದದ್ದು 2019ರಲ್ಲಿ. ಔಷಧಿ ಬ್ಯಾಕ್ಟೀರಿಯವನ್ನು ಕೊಲ್ಲಲು ಒಂದು ವರ್ಷ ಸಾಕು, ಪಾಪವೆಂಬ ಹೆಸರನ್ನು ಅಳಿಸಲು ಹಲವು ದಶಕಗಳು ಬೇಕಾದವು.

ಸೂಕ್ಷ್ಮಜೀವಿ ಬಂದ ಮೇಲೆ

1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಪ್ಲೇಗಿನ ಬ್ಯಾಕ್ಟೀರಿಯವನ್ನು ವಿಜ್ಞಾನಿ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಂಡಿದ್ದ. ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಲಸಿಕೆಯನ್ನು ತನ್ನ ಮೈಮೇಲೆಯೇ ಪ್ರಯೋಗಿಸಿದ್ದ. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಯು. ಆರ್. ಅನಂತಮೂರ್ತಿಯವರ ಸಂಸ್ಕಾರ ಕಾದಂಬರಿ (1965) ಗುಡಿಯ ಮತ್ತು ಪ್ರಯೋಗಾಲಯದ ಈ ಎರಡು ಲೋಕಗಳ ನಡುವಿನ ಅಂತರವನ್ನೇ ಕಥೆಯಾಗಿಸಿದೆ. ಅಗ್ರಹಾರದ ಜನಕ್ಕೆ ಸತ್ತ ಇಲಿಗಳೂ ಮನೆಯ ಮೇಲೆ ಕೂತ ಹದ್ದುಗಳೂ ಸಂಸ್ಕಾರವಾಗದ ಹೆಣದಿಂದ ಬಂದ ಅಪಶಕುನ, ಓದುಗನಿಗೆ ಅದು ಪ್ಲೇಗು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಮಂಗನ ಕಾಯಿಲೆಯೆಂದು ಹೆಸರಾದ ಆ ರೋಗಕ್ಕೆ ಒಂದು ವೈರಾಣು ಕಾರಣವೆಂದೂ ಕಾಡಿನ ಉಣುಗು ಅದನ್ನು ಹರಡುತ್ತದೆಂದೂ ತಿಳಿಯಿತು. ಇಲ್ಲಿ ಇವನಿಗೇ ಏಕೆ ಎಂಬ ಎರಡನೆಯ ಪ್ರಶ್ನೆಗೂ ಬಹುಮಟ್ಟಿಗೆ ಲೌಕಿಕ ಉತ್ತರವಿದೆ. ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗಲೇಬೇಕಾದವನಿಗೆ ಉಣುಗು ಕಚ್ಚುತ್ತದೆ. ಕರ್ಮವೆಂದು ಹೇಳಿದ್ದು ಎಷ್ಟೋ ಸಲ ಬಡತನದ, ದುಡಿಮೆಯ, ವಾಸಸ್ಥಳದ ಇನ್ನೊಂದು ಹೆಸರು.

ಹಾಗೆಂದು ಸೂಕ್ಷ್ಮಜೀವಿಯೊಂದೇ ಕಾರಣವೆಂದರೆ ಅದೂ ಗಾಣ ಸುತ್ತುವ ಮಾತೇ. ಕೋಖ್ 1882ರಲ್ಲಿ ಕ್ಷಯದ ಬ್ಯಾಕ್ಟೀರಿಯವನ್ನು ತೋರಿಸಿದ. ಆದರೆ ಅದು ಮೈಸೇರಿದವರಲ್ಲಿ ಬದುಕಿನ ಯಾವುದಾದರೂ ಘಟ್ಟದಲ್ಲಿ ರೋಗಿಗಳಾಗುವವರು ಶೇಕಡ 5ರಿಂದ 10 ಮಂದಿ. ಅಪೌಷ್ಟಿಕತೆ, ಗಾಳಿಯಾಡದ ಇಕ್ಕಟ್ಟು ಮನೆ, ಸಕ್ಕರೆ ಕಾಯಿಲೆ, ಎಚ್‌ಐವಿ ಸೋಂಕು ಇದ್ದವರಲ್ಲಿ ಅಪಾಯ ಹೆಚ್ಚು. ಬೀಜ ಬೀಳುವುದು ಒಂದು, ಮೊಳೆಯುವುದು ಇನ್ನೊಂದು. ಆತ್ರೇಯನಿಗೆ ಬ್ಯಾಕ್ಟೀರಿಯ ಗೊತ್ತಿರಲಿಲ್ಲ, ಗೊತ್ತಿತ್ತೆಂದು ಹೇಳುವುದು ಅವನಿಗೆ ಗೌರವವಲ್ಲ. ಹಲವು ಕಾರಣಗಳ ಕೂಟದಿಂದ ರೋಗ ಹುಟ್ಟುತ್ತದೆ ಎಂಬ ಅವನ ವಿಧಾನ ಮಾತ್ರ ಇಂದಿಗೂ ಸರಿಯಾಗಿದೆ.

ಹೊಸ ಕಾಲದ ಹಳೆಯ ತಪ್ಪು

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ಕಾಲದಲ್ಲಿ ಪೂರ್ವಜನ್ಮದ ಜಾಗಕ್ಕೆ ಜೀವನಶೈಲಿ ಬಂದಿದೆ. ತಿಂದದ್ದರ, ಕುಡಿದದ್ದರ, ಕೂತದ್ದರ ಫಲವೆಂದು ಈಗ ರೋಗಿಯನ್ನು ದೂರುತ್ತಾರೆ. ನಡೆನುಡಿಗೆ ಆರೋಗ್ಯದಲ್ಲಿ ಪಾಲಿರುವುದು ನಿಜ, ಪ್ರಜ್ಞಾಪರಾಧವೆಂಬ ಕಲ್ಪನೆ ಹೇಳುವುದೂ ಅದನ್ನೇ. ಆದರೆ ವಂಶದಿಂದ ಬಂದ ಒಲವು, ಗರ್ಭದಲ್ಲಿದ್ದಾಗಿನ ಪೋಷಣೆ, ರಾತ್ರಿಪಾಳಿಯ ಕೆಲಸ, ಕೈಗೆ ಎಟಕುವ ಆಹಾರ ಇವು ಯಾವುವೂ ರೋಗಿ ಆರಿಸಿಕೊಂಡವಲ್ಲ. ಮಕ್ಕಳಿಗೆ ಬರುವ ಕ್ಯಾನ್ಸರಿನಲ್ಲಿ ಬಹುಪಾಲು ಯಾರ ತಪ್ಪೂ ಸಿಗುವುದಿಲ್ಲ, ಜೀವಕೋಶ ಒಡೆದು ಎರಡಾಗುವಾಗ ನುಸುಳಿದ ಆಕಸ್ಮಿಕ ಮಾತ್ರ ಇರುತ್ತದೆ. ಯಾರೂ ತಪ್ಪು ಮಾಡದೆಯೂ ನೋವು ಬರಬಹುದು ಎಂಬುದನ್ನು ಒಪ್ಪುವುದು ಮನುಷ್ಯನಿಗೆ ಕಷ್ಟ. ತಪ್ಪಿತಸ್ಥನೊಬ್ಬ ಸಿಕ್ಕರೆ ಲೋಕ ನ್ಯಾಯವಾಗಿದೆ ಎಂಬ ಭರವಸೆ ಉಳಿಯುತ್ತದೆ, ತನಗೆ ಆ ರೋಗ ಬಾರದು ಎಂಬ ಧೈರ್ಯವೂ ಸಿಗುತ್ತದೆ. ಆ ಭರವಸೆಯ ಬೆಲೆಯನ್ನು ತೆರುವವನು ರೋಗಿ.

ಆದ್ದರಿಂದ ಎರಡು ಪ್ರಶ್ನೆಗಳಿಗೂ ಅವುಗಳ ಜಾಗವನ್ನು ಕೊಡಬೇಕಾಗುತ್ತದೆ. ಯಾವುದರಿಂದ ಬಂತು ಎಂಬುದಕ್ಕೆ ಪರೀಕ್ಷೆ, ಪ್ರಯೋಗಾಲಯ, ಚಿಕಿತ್ಸೆ ಉತ್ತರಿಸಬೇಕು. ಅಲ್ಲಿ ದೈವವನ್ನು ಕಾರಣವೆನ್ನುವುದರಿಂದ ಕಾಲ ಕಳೆಯುತ್ತದೆ, ಜೀವವೂ ಹೋಗಬಹುದು. ನನಗೇ ಏಕೆ ಎಂಬುದನ್ನು ಕೇಳುವ ಹಕ್ಕು ರೋಗಿಗೆ ಮಾತ್ರ ಇದೆ. ಅವನು ಅದಕ್ಕೆ ಪ್ರಾರ್ಥನೆಯಲ್ಲಿ, ಹರಕೆಯಲ್ಲಿ, ಮೌನದಲ್ಲಿ, ತನ್ನ ಶ್ರದ್ಧೆಯಲ್ಲಿ ಉತ್ತರ ಹುಡುಕಿಕೊಳ್ಳಬಹುದು. ಅವನ ಪರವಾಗಿ ಬೇರೆಯವರು ಉತ್ತರ ಹೇಳುವಂತಿಲ್ಲ. ಅತಿಸಾರದಿಂದ ನರಳಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಕಂಡಾಗ ಬುದ್ಧ ಅವನ ಕರ್ಮವನ್ನು ವಿಚಾರಿಸಲಿಲ್ಲ. ಆನಂದನಿಂದ ನೀರು ತರಿಸಿ ತಾನೇ ಅವನ ಮೇಲೆ ಸುರಿದ, ಆನಂದ ಅವನನ್ನು ತೊಳೆದ ಎಂದು ವಿನಯಪಿಟಕ ಹೇಳುತ್ತದೆ. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕ ಎಣಿಸುತ್ತಾನೆ, ವೈದ್ಯ, ಔಷಧ, ಶುಶ್ರೂಷೆ ಮಾಡುವವನು, ರೋಗಿ. ರೋಗಿಯ ಪಾಪಪುಣ್ಯಗಳ ತೀರ್ಪು ಹೇಳುವವನಿಗೆ ಆ ಎಣಿಕೆಯಲ್ಲಿ ಜಾಗವಿಲ್ಲ.